ಆಷಾಢ ಶುಕ್ರವಾರ ಪಾದದಿಂದ ಬೆಟ್ಟ ಹತ್ತುವವರಿಗೆ

ಆಷಾಢ ಹುಟ್ಟಿತೆಂದರೆ ಮೈಸೂರಿನ ಮನೆಮನೆಯಲ್ಲೂ ಒಂದೇ ಮಾತು: ‘ಈ ಸಲ ಯಾವ ಶುಕ್ರವಾರ ಬೆಟ್ಟಕ್ಕೆ?’ ಮಂಡ್ಯ, ಚಾಮರಾಜನಗರ, ರಾಮನಗರದ ಕಡೆಯಿಂದಲೂ ಜನ ರಾತ್ರಿಯೇ ಹೊರಟು ಬೆಳಕು ಹರಿಯುವ ಮೊದಲು ಮೈಸೂರು ಸೇರುತ್ತಾರೆ. ಮದುವೆ, ಗೃಹಪ್ರವೇಶ ಯಾವುದೂ ನಡೆಯದ ತಿಂಗಳು ಇದು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಹಾಗಾಗಿ ಚಾಮುಂಡಿಬೆಟ್ಟದ ಮೆಟ್ಟಿಲ ಮೇಲೆ ತಾಯಿ ಮಗಳು ಜೊತೆಯಾಗಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಹತ್ತುವುದು ಆಷಾಢದಲ್ಲಿ ಎಲ್ಲೆಲ್ಲೂ ಕಾಣುತ್ತದೆ.

ಗರ್ಭಗುಡಿಯ ಮುಂದೆ ಸಿಗುವುದು ಎರಡು ಮೂರು ಸೆಕೆಂಡ್. ಮೆಟ್ಟಿಲ ಮೇಲೆ ಸಿಗುವುದು ಒಂದು ಗಂಟೆ, ಹರಕೆಯಿದ್ದರೆ ಎರಡೂವರೆ ಗಂಟೆ. ಆದ್ದರಿಂದ ಕಾಲಲ್ಲಿ ಶಕ್ತಿ ಇರುವವರು ಪಾದದಿಂದಲೇ, ಅಂದರೆ ಬೆಟ್ಟದ ಬುಡದ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು ಎಂಬುದು ಈ ಬರಹದ ಪಕ್ಷಪಾತ. ಸೇವೆ ಶುರುವಾಗುವುದೇ ಅಲ್ಲಿಂದ. ಆದರೆ ತಿಳಿದುಕೊಂಡು ಹತ್ತಬೇಕು, ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ಗಮನವೆಲ್ಲ ತಾಯಿ ಚಾಮುಂಡಿಯಿಂದ ಮಂಡಿಗೆ ಹೋಗಿಬಿಡುತ್ತದೆ.

ಮೊದಲು ದಿನದ ವಿಷಯ. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುವುದರಿಂದ ಆಷಾಢ ಸಾಮಾನ್ಯವಾಗಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಬೀಳುತ್ತದೆ, ಅದಕ್ಕೆ ಮೊದಲು ಅಧಿಕ ಮಾಸ ಬಂದ ವರ್ಷ ಮುಂದಕ್ಕೆ ಹೋಗುತ್ತದೆ. ಉತ್ತರ ಭಾರತದ ಪಂಚಾಂಗ ತೋರಿಸುವ ಮೊಬೈಲ್ ಆ್ಯಪ್ ನೋಡಿ ಹೊರಟರೆ ಹದಿನೈದು ದಿನ ಆಚೀಚೆ ಆಗುತ್ತದೆ. ಶುಕ್ರವಾರಗಳು ನಾಲ್ಕು, ಕೆಲವೊಮ್ಮೆ ಐದು. ಇವಲ್ಲದೆ ಆಷಾಢ ಬಹುಳ ಸಪ್ತಮಿಯಂದು, ರೇವತಿ ನಕ್ಷತ್ರದಲ್ಲಿ ಅಮ್ಮನವರ ವರ್ಧಂತಿ. ಅದು ಶುಕ್ರವಾರವೇ ಬೀಳಬೇಕೆಂದಿಲ್ಲ. ಅಂದು ಉತ್ಸವಮೂರ್ತಿಯನ್ನು ಚಿನ್ನದ ಪಲ್ಲಕ್ಕಿಯಲ್ಲಿ ಕೂರಿಸಿ ದೇವಸ್ಥಾನದ ಸುತ್ತ ಮೆರವಣಿಗೆ ಮಾಡುತ್ತಾರೆ, ರಾಜಮನೆತನದವರು ಬಂದು ಪೂಜೆ ಸಲ್ಲಿಸುತ್ತಾರೆ. ಪಲ್ಲಕ್ಕಿ ನೋಡುವ ಆಸೆಯಿದ್ದರೆ ಆ ದಿನವನ್ನೇ ಹಿಡಿಯಬೇಕು. ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆಷಾಢದ ಮಂಗಳವಾರವೋ ಬುಧವಾರವೋ ಹೋಗುವುದು ಒಳ್ಳೆಯದು. ತಿಂಗಳೂ ಅದೇ, ತಾಯಿಯೂ ಅವಳೇ.

ಆಷಾಢ ಶುಕ್ರವಾರ ಖಾಸಗಿ ವಾಹನಗಳನ್ನು ಬೆಟ್ಟದ ಮೇಲಕ್ಕೆ ಬಿಡುವುದಿಲ್ಲ. ಲಲಿತಮಹಲ್ ಬಳಿಯ ಮೈದಾನದಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಂದ ಬಸ್ಸಿನಲ್ಲಿ ಹೋಗುವ ವ್ಯವಸ್ಥೆ ಇರುತ್ತದೆ. ಮೆಟ್ಟಿಲು ಹತ್ತುವವರು ಎಡವುವುದು ಇಲ್ಲೇ. ಪಾದ ಇರುವುದು ಒಂದು ಕಡೆ, ಬಸ್ಸು ತಂದು ಇಳಿಸುವುದು ಇನ್ನೊಂದು ಕಡೆ. ಬೈಕನ್ನು ಪಾದದಲ್ಲಿ ನಿಲ್ಲಿಸಿ, ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಹತ್ತಿದವರು, ಸುಸ್ತಾಯಿತೆಂದು ಇಳಿಯುವಾಗ ಬಸ್ ಹತ್ತಿದರೆ ಲಲಿತಮಹಲ್ ಮೈದಾನದಲ್ಲಿ ಬರಿಗಾಲಲ್ಲಿ ನಿಂತಿರುತ್ತಾರೆ. ಅಲ್ಲಿಂದ ಪಾದಕ್ಕೆ ಮತ್ತೆ ಆಟೋ ಹುಡುಕಬೇಕು. ಇಳಿಯುವುದು ಮೆಟ್ಟಿಲಲ್ಲೋ ಬಸ್ಸಿನಲ್ಲೋ ಎಂಬುದನ್ನು ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಿ. ಬಸ್ಸು ಎಂದಾದರೆ ಚಪ್ಪಲಿಯನ್ನು ಒಂದು ಬಟ್ಟೆಚೀಲಕ್ಕೆ ಹಾಕಿ, ಪೂಜೆ ಸಾಮಾನಿನ ಚೀಲಕ್ಕೆ ತಾಗದಂತೆ ಬೆನ್ನಿಗೆ ಹಾಕಿಕೊಳ್ಳಿ. ಸಾಮಾನ್ಯ ದಿನಗಳಲ್ಲಿ ಈ ತಾಪತ್ರಯ ಇಲ್ಲ, ನಗರ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸು ನೇರ ಮೇಲಕ್ಕೆ ಹೋಗುತ್ತದೆ.

ಟಿಕೆಟಿನ ದರ, ಸಾಲಿನ ವ್ಯವಸ್ಥೆ, ಮೆಟ್ಟಿಲಿಗೆ ಬಿಡುವ ಸಮಯ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆಷಾಢಕ್ಕೆ ಕೆಲವು ದಿನ ಮೊದಲು ಜಿಲ್ಲಾಡಳಿತ ಪ್ರಕಟಿಸುವುದನ್ನು ಓದಿಕೊಂಡೇ ಹೊರಡಿ, ಹೋದ ವರ್ಷದ ಅನುಭವ ನಂಬಬೇಡಿ. ಇನ್ನೊಂದು ಮಾತು, ಬಿಡುವ ಸಮಯಕ್ಕೆ ಮೊದಲು ಕತ್ತಲಲ್ಲಿ ಮೆಟ್ಟಿಲು ಹತ್ತಬೇಡಿ. ಸುತ್ತ ಇರುವುದು ಮೀಸಲು ಅರಣ್ಯ, ಚಿರತೆ ಓಡಾಡುವ ಜಾಗ.

ಮೆಟ್ಟಿಲುಗಳನ್ನು ಮಾಡಿಸಿದ್ದು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು. ಸಾವಿರ ಮೆಟ್ಟಿಲು ಎಂದು ಲೆಕ್ಕ. ಸಾವಿರದ ಒಂದು, ಸಾವಿರದ ಎಂಟು ಎನ್ನುವವರೂ ಇದ್ದಾರೆ. ಎಣಿಸುತ್ತ ಹತ್ತಿದರೆ ಇಬ್ಬರ ಲೆಕ್ಕ ಒಂದೇ ಬರುವುದು ಕಷ್ಟ. ಎಲ್ಲ ಮೆಟ್ಟಿಲೂ ಒಂದೇ ಎತ್ತರದವಲ್ಲ, ಕೆಲವು ಕಡೆ ಚಪ್ಪಡಿ ಅಗಲವಾಗಿ ಇಳಿಜಾರಿನಂತೆ ಇದೆ, ಅದನ್ನು ಮೆಟ್ಟಿಲೆಂದು ಎಣಿಸಬೇಕೋ ಬೇಡವೋ ತಿಳಿಯುವುದಿಲ್ಲ. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ ಸುಮಾರು 1,060 ಮೀಟರ್. ಈ ಏರಿಕೆಯಲ್ಲಿ ಕಡಿದಾಗಿರುವುದು ಆರಂಭದ ಭಾಗವೇ. ಪಾದದಲ್ಲಿ ಉತ್ಸಾಹ ಹೆಚ್ಚು, ಪಕ್ಕದವರು ದಾಪುಗಾಲು ಹಾಕುವುದು ಕಂಡು ತಾವೂ ಹಾಕುತ್ತಾರೆ. ನೂರು ಮೆಟ್ಟಿಲಾಗುವಷ್ಟರಲ್ಲಿ ಎದೆ ಹೊಡೆದುಕೊಳ್ಳಲು ಶುರು. ಮಾತನಾಡುತ್ತ ಹತ್ತಲು ಆಗುವ ವೇಗವೇ ಸರಿಯಾದ ವೇಗ. ಉಸಿರು ಕಟ್ಟಿ ಮಾತು ನಿಂತರೆ ಬದಿಗೆ ಸರಿದು ನಿಲ್ಲಿ, ನಟ್ಟನಡುವೆ ಮೆಟ್ಟಿಲ ಮೇಲೆ ಕೂರಬೇಡಿ, ಹಿಂದಿನವರು ಮೇಲೆ ಬೀಳುತ್ತಾರೆ. ರೂಢಿಯಿರುವವರಿಗೆ ಮುಕ್ಕಾಲು ಗಂಟೆಯೊಳಗೆ ಮುಗಿಯುವ ದಾರಿ, ಉಳಿದವರು ಒಂದೂಕಾಲು ಗಂಟೆ ಇಟ್ಟುಕೊಳ್ಳಲಿ. ಬಿ.ಪಿ., ಹೃದಯದ ತೊಂದರೆ ಇದ್ದವರು ಖಾಲಿ ಹೊಟ್ಟೆಯ ಉಪವಾಸದಲ್ಲಿ ಮಾತ್ರೆಯನ್ನೂ ಬಿಟ್ಟು ಹತ್ತುವುದು ಬೇಡವೇ ಬೇಡ. ಮಾತ್ರೆ ನುಂಗಿದರೆ ತಾಯಿ ಮುನಿಯುವುದಿಲ್ಲ.

ಈಗ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುವ ಹರಕೆ. ಮದುವೆ, ಮಕ್ಕಳು, ಮನೆಯವರ ಆರೋಗ್ಯ, ಹೀಗೆ ಏನೋ ಬೇಡಿಕೊಂಡು ‘ಅಷ್ಟೂ ಮೆಟ್ಟಿಲಿಗೆ ಹಚ್ಚುತ್ತೇನೆ’ ಎಂದು ಹೇಳಿಕೊಂಡವರು ಇದನ್ನು ಮಾಡುತ್ತಾರೆ. ಇದಕ್ಕೆ ಲೆಕ್ಕ ಬೇಕು. ಒಂದು ಮೆಟ್ಟಿಲಿಗೆ ಕಾಲು ಗ್ರಾಂ ಹಿಡಿದರೂ ಸಾವಿರ ಮೆಟ್ಟಿಲಿಗೆ ಕಾಲು ಕೆ.ಜಿ. ಅರಿಶಿನ, ಕಾಲು ಕೆ.ಜಿ. ಕುಂಕುಮ. ಕೈಯಿಂದ ಚೆಲ್ಲುವುದು, ಗಾಳಿಗೆ ಹಾರುವುದು ಸೇರಿಸಿ ಒಂದೊಂದೂ ಮುನ್ನೂರು ಗ್ರಾಂ ಇದ್ದರೆ ಸಾಲುತ್ತದೆ. ಅಂಗಡಿಯ ಹತ್ತು ರೂಪಾಯಿ ಪೊಟ್ಟಣ ನೆಚ್ಚಿ ಹೋದವರಿಗೆ ದಾರಿಯ ನಂದಿ ವಿಗ್ರಹ ಬರುವ ಮೊದಲೇ ಖಾಲಿ. ಮೆಟ್ಟಿಲೊಂದಕ್ಕೆ ಐದು ಸೆಕೆಂಡ್ ಎಂದರೂ ಹಚ್ಚುವುದಕ್ಕೇ 83 ನಿಮಿಷ ಬೇಕು. ಹತ್ತುವ ಸಮಯ, ದಣಿವಾರಿಸಿಕೊಳ್ಳುವ ಸಮಯ ಬೇರೆ. ಅಲ್ಲಿಗೆ ಎರಡೂವರೆ ಗಂಟೆ ಬೇಕೆಂದಾಯಿತು.

ಹಚ್ಚುವ ರೀತಿಯಲ್ಲೂ ಒಂದು ಉಪಾಯವಿದೆ. ನಿಂತ ಮೆಟ್ಟಿಲಿಗೆ ಬಗ್ಗಿ ಹಚ್ಚಿದರೆ ಸಾವಿರ ಸಲ ಸೊಂಟ ಪೂರ್ತಿ ಬಾಗಬೇಕು, ನಾಳೆ ಎದ್ದು ಕೂರುವುದಕ್ಕೆ ಆಗುವುದಿಲ್ಲ. ನಿಮ್ಮ ಮುಂದಿನ ಮೂರನೆಯ ಅಥವಾ ನಾಲ್ಕನೆಯ ಮೆಟ್ಟಿಲಿಗೆ ಕೈಚಾಚಿ. ಅದು ಆಗಲೇ ಮಂಡಿಯ ಮೇಲಿನ ಎತ್ತರದಲ್ಲಿರುತ್ತದೆ, ಅರ್ಧ ಬಾಗಿದರೆ ಸಾಕು. ಇಬ್ಬರಿದ್ದರೆ ಒಬ್ಬರು ಅರಿಶಿನ, ಒಬ್ಬರು ಕುಂಕುಮ ಹಿಡಿದು ಎರಡು ಮೆಟ್ಟಿಲ ಅಂತರದಲ್ಲಿ ಹತ್ತಿದರೆ ಬಟ್ಟಲು ಬದಲಿಸುವ ಕೆಲಸವಿಲ್ಲ. ಬಟ್ಟಲು ಅಗಲವಾಗಿರದೆ ಕಂಠವಿರುವ ಪುಟ್ಟ ಡಬ್ಬಿಯಾಗಿರಲಿ. ಆಷಾಢದ ಗಾಳಿ ತಟ್ಟೆಯಲ್ಲಿರುವ ಕುಂಕುಮವನ್ನು ಹಿಂದಿನವರ ಕಣ್ಣಿಗೆ ತೂರಿಬಿಡುತ್ತದೆ.

ಎಲ್ಲಿಗೆ ಹಚ್ಚಬೇಕು ಎಂಬುದು ಇನ್ನೂ ಮುಖ್ಯ. ಮೆಟ್ಟಿಲಿನ ಎದುರು ಮೈಗೆ, ಅಂದರೆ ನಿಮ್ಮ ಮುಖಕ್ಕೆ ನೇರ ಕಾಣುವ ನಿಂತ ಕಲ್ಲಿಗೆ ಹಚ್ಚಿ, ಅದೂ ಬದಿಯ ಕಡೆ. ಕಾಲಿಡುವ ಜಾಗಕ್ಕೆ ಹಚ್ಚಬೇಡಿ. ಆಷಾಢದಲ್ಲಿ ಮೈಸೂರಿನಲ್ಲಿ ಜಡಿ, ತುಂತುರು. ಬೆಟ್ಟದ ಮೇಲೆ ಮೋಡವೇ ಇಳಿದಿರುತ್ತದೆ. ಒದ್ದೆ ಕಲ್ಲಿನ ಮೇಲೆ ಅರಿಶಿನದ ಪುಡಿ ಬಿದ್ದು ಸಾವಿರಾರು ಪಾದ ತುಳಿದರೆ ನುಣ್ಣಗಿನ ಕೆಸರಾಗುತ್ತದೆ, ಅದರ ಮೇಲೆ ಬರಿಗಾಲೂ ನಿಲ್ಲದು. ಎಣ್ಣೆಯಂತೂ ಅದಕ್ಕಿಂತ ಕೆಟ್ಟದ್ದು. ನಿಂಬೆಹಣ್ಣಿನ ದೀಪ, ಮಣ್ಣಿನ ಹಣತೆ ಮೆಟ್ಟಿಲ ಮೇಲಿಟ್ಟರೆ ಚೆಲ್ಲಿದ ಎಣ್ಣೆ ಕಲ್ಲಿನ ಸಂದಿಗೆ ಇಳಿದು ಮಳೆಗೂ ಹೋಗುವುದಿಲ್ಲ. ಕರ್ಪೂರ ಹಚ್ಚುವವರು ಮೆಟ್ಟಿಲ ಪಕ್ಕದ ಬಂಡೆಯ ಮೇಲೆ ಹಚ್ಚಲಿ. ಜನ ಒತ್ತಿ ನಡೆಯುವಾಗ ಸೀರೆಯ ನೆರಿಗೆ ಎಲ್ಲಿ ತಾಗುತ್ತದೋ ಯಾರು ಬಲ್ಲರು. ಮನೆಯಲ್ಲೇ ಪೊಟ್ಟಣ ಬಿಡಿಸಿ ಡಬ್ಬಿಗೆ ಸುರಿದುಕೊಂಡು ಬಂದರೆ ಪ್ಲಾಸ್ಟಿಕ್ ಕವರು ಮೆಟ್ಟಿಲ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ. ಬೆಟ್ಟದಲ್ಲಿ ಪ್ಲಾಸ್ಟಿಕ್ ನಿಷೇಧವಿದೆ, ಆದರೂ ಪ್ರತಿ ಆಷಾಢ ಶುಕ್ರವಾರದ ಮರುದಿನ ಮೂಟೆಗಟ್ಟಲೆ ಹೆಕ್ಕುತ್ತಾರೆ ಎಂಬುದು ಹರಕೆ ಹೊತ್ತವರಿಗೆ ಶೋಭೆ ತರುವ ಸಂಗತಿಯಲ್ಲ.

ಕುಂಕುಮದ ಗುಣವನ್ನೂ ನೋಡಿಕೊಳ್ಳಿ. ಅರಿಶಿನಕ್ಕೆ ಸುಣ್ಣ, ನಿಂಬೆರಸ, ಬಿಳಿಗಾರ ಸೇರಿಸಿ ಮಾಡಿದ ಕುಂಕುಮ ಬೆರಳಿಗೆ ಹತ್ತಿದರೂ ತೊಳೆದರೆ ಹೋಗುತ್ತದೆ. ಅಗ್ಗದ ಬಣ್ಣದ ಪುಡಿ ಎರಡು ದಿನ ಉಗುರಿನ ಸಂದಿಯಲ್ಲಿ ಕುಳಿತಿರುತ್ತದೆ. ಚರ್ಮ ಸೂಕ್ಷ್ಮವಿದ್ದವರಿಗೆ ತುರಿಕೆಯೂ ಬರುತ್ತದೆ, ಕಲ್ಲಿಗಂತೂ ಕಲೆ ಕಟ್ಟಿಟ್ಟ ಬುತ್ತಿ. ಮುನ್ನೂರು ಗ್ರಾಂ ಒಳ್ಳೆಯ ಕುಂಕುಮ ದುಬಾರಿಯಾದರೆ ಐದೈದು ಮೆಟ್ಟಿಲಿಗೊಮ್ಮೆ ಹಚ್ಚುತ್ತೇನೆಂದು ಹರಕೆ ಹೇಳಿಕೊಳ್ಳುವುದೇ ಮೇಲು.

ಸುಮಾರು ಏಳುನೂರನೆಯ ಮೆಟ್ಟಿಲಿಗೆ ನಂದಿ. ಇದೂ ದೊಡ್ಡದೇವರಾಜ ಒಡೆಯರ ಕಾಲದ್ದೇ, ಏಕಶಿಲೆಯದು, ಎತ್ತರ ಹದಿನೈದು ಹದಿನಾರು ಅಡಿ, ಉದ್ದ ಇಪ್ಪತ್ತನಾಲ್ಕು ಅಡಿಯ ಆಸುಪಾಸು. ಜನ ಮುಂದೆ ನಿಂತು ಕೈಮುಗಿದು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಒಂದು ಸುತ್ತು ಬನ್ನಿ. ಕೊರಳ ಗಂಟೆಗಳ ಸಾಲು, ಒಂದೊಂದು ಗಂಟೆಗೂ ಬೇರೆಯಾಗಿ ಬಿಡಿಸಿದ ಸರಪಳಿ, ಮಡಿಸಿದ ಮುಂಗಾಲು ಪಕ್ಕದಿಂದ ನೋಡಿದಾಗಲೇ ಕಣ್ಣಿಗೆ ತುಂಬುವುದು. ಹತ್ತಿರದಲ್ಲೇ ಬಂಡೆಯ ಗುಹೆಯೊಳಗೆ ಶಿವನ ಪುಟ್ಟ ಗುಡಿಯಿದೆ. ದೇವಿಯ ವಾಹನ ಸಿಂಹ. ಈ ನಂದಿ ಕಾಯುತ್ತಿರುವುದು ಬೆಟ್ಟದ ಮೇಲಿನ ಮಹಾಬಲೇಶ್ವರನನ್ನು. ಕಾರ್ತಿಕ ಮಾಸದಲ್ಲಿ ನಂದಿಗೆ ಮಹಾಭಿಷೇಕ ನಡೆಯುತ್ತದೆ, ಹಾಲು, ಮೊಸರು, ತುಪ್ಪ, ಅರಿಶಿನ, ಕುಂಕುಮ, ಗಂಧ ಎಂದು ಸಾಲುಸಾಲಾಗಿ ಎರೆದಂತೆ ಕರಿಕಲ್ಲಿನ ಮೈಯ ಬಣ್ಣ ಬದಲಾಗುತ್ತ ಹೋಗುವುದನ್ನು ಒಮ್ಮೆಯಾದರೂ ನೋಡಬೇಕು.

ನಂದಿಯ ಬಳಿ ರಸ್ತೆ ನೋಡಿದಾಗ ಒಂದು ವಿಷಯ ನೆನಪಿಟ್ಟುಕೊಳ್ಳಿ. 2021ರ ಮಳೆಗೆ ನಂದಿಗೆ ಹೋಗುವ ರಸ್ತೆ ಕುಸಿಯಿತು, ವಾಹನ ಸಂಚಾರ ನಿಲ್ಲಿಸಬೇಕಾಯಿತು. ಬೆಟ್ಟದ ಒಳಮೈ ಗಟ್ಟಿ ಕಲ್ಲು. ಆದರೆ ಇಳಿಜಾರಿನಲ್ಲಿ ಕಟ್ಟೆ ಕಟ್ಟಿ ಮಣ್ಣು ತುಂಬಿ ಮಾಡಿದ ರಸ್ತೆಯಲ್ಲಿ ನೀರಿಗೆ ಹೋಗಲು ದಾರಿ ಸಿಗದಿದ್ದರೆ ತುಂಬಿದ ಮಣ್ಣು ನೆನೆದು ಭಾರವಾಗಿ ಜಾರುತ್ತದೆ. ಮೇಲೆ ಕಟ್ಟಡ ಹೆಚ್ಚಿದಷ್ಟೂ ಮಳೆನೀರು ನೆಲಕ್ಕೆ ಇಂಗುವುದು ಕಡಿಮೆಯಾಗಿ ರಭಸದಿಂದ ಇಳಿಯುವುದು ಹೆಚ್ಚುತ್ತದೆ. ಬೆಟ್ಟಕ್ಕೆ ಇನ್ನಷ್ಟು ಕಾಂಕ್ರೀಟ್ ಬೇಕು ಎನ್ನುವವರು ಆ ಕುಸಿತವನ್ನು ಮರೆಯಬಾರದು. ರೋಪ್‌ವೇ ಬೇಡ ಎಂದು ಮೈಸೂರಿನ ಜನ ದನಿಯೆತ್ತಿದ್ದು ಸರಿಯಾಗಿಯೇ ಇತ್ತು.

ನಂದಿಯಿಂದ ಮುಂದೆ ಮುನ್ನೂರು ಮೆಟ್ಟಿಲು. ಮೇಲೆ ತಲುಪಿದ ಕೂಡಲೇ ಸಾಲಿಗೆ ನುಗ್ಗಬೇಡಿ. ಬೆವರು ಆರಲಿ, ನೀರು ಕುಡಿಯಿರಿ, ಕೆಳಗೆ ಕಾಣುವ ಊರು ನೋಡಿ. ಸಾಮಾನ್ಯ ದಿನಗಳಲ್ಲಿ ದರ್ಶನ ಬೆಳಿಗ್ಗೆ 7.30ರಿಂದ ಮಧ್ಯಾಹ್ನ 2, ಮತ್ತೆ 3.30ರಿಂದ ಸಂಜೆ 6, ಆಮೇಲೆ 7.30ರಿಂದ ರಾತ್ರಿ 9. ಸಂಜೆ ಆರರಿಂದ ಏಳೂವರೆ ಅಭಿಷೇಕದ ಹೊತ್ತು, ಆಗ ಬಂದವರು ಕಾಯುತ್ತ ನಿಲ್ಲಬೇಕು. ಆಷಾಢ ಶುಕ್ರವಾರಗಳಲ್ಲಿ ಪೂಜೆ ನಸುಕಿಗೂ ಮೊದಲೇ ಶುರುವಾಗಿ ಬೆಳಗಿನ ಜಾವದಿಂದಲೇ ದರ್ಶನ. ಪ್ರಸಾದ ಹಂಚುವ ಭಕ್ತರು ಬಿಸಿಬೇಳೆಬಾತ್, ಪೊಂಗಲ್, ಕೇಸರಿಬಾತ್, ಮೊಸರನ್ನ ತಂದಿರುತ್ತಾರೆ. ತಿಂದ ತಟ್ಟೆಯನ್ನು ತೊಟ್ಟಿಗೇ ಹಾಕಿ, ಕೋತಿಗಳಿಗೆ ಎಸೆಯಬೇಡಿ. ಒಮ್ಮೆ ಕೈಯಿಂದ ತಿಂದು ರೂಢಿಯಾದ ಕೋತಿ ಮುಂದೆ ಬರುವ ಮಗುವಿನ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುತ್ತದೆ.

ಏಳು ಅಂತಸ್ತಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1827ರಲ್ಲಿ ದೇವಸ್ಥಾನವನ್ನು ಜೀರ್ಣೋದ್ಧಾರ ಮಾಡಿಸಿದಾಗ ಎದ್ದದ್ದು. ದೇವಿಗೆ ಸಿಂಹವಾಹನವನ್ನೂ, 30 ಸಂಸ್ಕೃತ ಶ್ಲೋಕಗಳನ್ನು ಕೆತ್ತಿದ ನಕ್ಷತ್ರಮಾಲಿಕೆ ಎಂಬ ಚಿನ್ನದ ಆಭರಣವನ್ನೂ ಅರ್ಪಿಸಿದವರು ಅವರೇ. ಮೂಲವಿಗ್ರಹ ಎಂಟು ಕೈಗಳ, ಕುಳಿತ ಭಂಗಿಯ ತಾಯಿ. ಮಾರ್ಕಂಡೇಯ ಋಷಿ ಪ್ರತಿಷ್ಠಾಪಿಸಿದ್ದೆಂದು ನಂಬಿಕೆ. ಆಷಾಢದ ಅಲಂಕಾರದಲ್ಲಿ ಹೂವು, ಸೀರೆ, ಒಡವೆಯ ನಡುವೆ ಕಾಣುವುದು ಮುಖ ಮಾತ್ರ. ಸಾಲು ತಳ್ಳುತ್ತದೆ, ಹಣ್ಣುಕಾಯಿ ಕೊಡುವುದರಲ್ಲಿ, ಬ್ಯಾಗು ಸರಿಪಡಿಸಿಕೊಳ್ಳುವುದರಲ್ಲಿ ಆ ಎರಡು ಸೆಕೆಂಡ್ ಕಳೆದುಹೋಗುತ್ತದೆ. ಕೈಗಳನ್ನು ಮೊದಲೇ ಖಾಲಿ ಮಾಡಿಕೊಂಡು, ಕಣ್ಣು ಮುಚ್ಚದೆ, ಮುಖವನ್ನೇ ನೋಡಿ. ಕಣ್ಣು ಮುಚ್ಚಿ ಬೇಡಿಕೊಳ್ಳುವುದನ್ನು ಹೊರಗೆ ಬಂದು ಪ್ರಾಕಾರದಲ್ಲಿ ಮಾಡಬಹುದು. ಒಳಗೇ ಮುಮ್ಮಡಿಯವರ ಆರಡಿ ಎತ್ತರದ ವಿಗ್ರಹವಿದೆ, ಜೊತೆಗೆ ಮೂವರು ರಾಣಿಯರು, ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ ಸನ್ನಿಧಾನದವರು. ನಾಡನ್ನಾಳಿದ ದೊರೆ ಅಲ್ಲಿ ಕೈಮುಗಿದು ನಿಂತ ಭಕ್ತ. ನೂಕುನುಗ್ಗಲಿನಲ್ಲಿ ಬಹಳ ಜನರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಹೊರಬಂದ ಮೇಲೆ ಜನರ ಪ್ರವಾಹ ಮಹಿಷಾಸುರನ ಪ್ರತಿಮೆಯ ಕಡೆಗೆ ಹರಿಯುತ್ತದೆ. ನೀವು ಮಹಾಬಲೇಶ್ವರನ ಗುಡಿಗೆ ಹೋಗಿ. ಬೆಟ್ಟದ ಮೇಲಿನ ಅತಿ ಹಳೆಯ ದೇವಸ್ಥಾನ ಇದೇ. ಹಿಂದೆ ಬೆಟ್ಟದ ಹೆಸರೇ ಮಹಾಬಲಗಿರಿ, ಮಬ್ಬಲತೀರ್ಥ ಎಂದಿತ್ತು. ಹೊಯ್ಸಳ ವಿಷ್ಣುವರ್ಧನ 1128ರಲ್ಲಿ ಇಲ್ಲಿಗೆ ದತ್ತಿ ಕೊಟ್ಟ ಶಾಸನವಿದೆ. ಮೈಸೂರು ಅರಸರಿಗಿಂತ ಎಷ್ಟೋ ಮೊದಲು ಈ ಬೆಟ್ಟಕ್ಕೆ ಯಾತ್ರಿಕರು ಬರುತ್ತಿದ್ದರು. ಬೋಳ ಚಾಮರಾಜ ಒಡೆಯರು ಮಹಾಬಲೇಶ್ವರನ ದರ್ಶನಕ್ಕೆ ಬಂದಾಗ ಸಿಡಿಲು ಬಡಿದು, ತಲೆಗೂದಲು ಹೋದರೂ ಜೀವ ಉಳಿಯಿತು ಎಂಬ ಐತಿಹ್ಯವೂ ಇಲ್ಲಿಯದೇ. ಆಷಾಢ ಶುಕ್ರವಾರವೂ ಇಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಲು ಜಾಗ ಸಿಗುತ್ತದೆ.

ಇಳಿಯುವುದು ಹತ್ತುವುದಕ್ಕಿಂತ ಸುಲಭ ಎಂದು ತಿಳಿದವರು ಮರುದಿನ ಮೆಟ್ಟಿಲಿಳಿಯಲಾರದೆ ಗೋಡೆ ಹಿಡಿಯುತ್ತಾರೆ. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ತೊಡೆಗೆ, ಮಂಡಿಗೆ ಕೆಲಸ. ಪ್ರತಿ ಹೆಜ್ಜೆಗೂ ಮೈಭಾರ ಮಂಡಿಯ ಮೇಲೆ ಬೀಳುತ್ತದೆ. ಎತ್ತರ ಒಂದೇ ಸಮ ಇಲ್ಲದ್ದರಿಂದ ಲಯ ತಪ್ಪಿದಾಗಲೇ ಕಾಲು ಉಳುಕುವುದು. ಮಂಡಿ ನೋವಿದ್ದವರು ಹತ್ತಿ, ಬಸ್ಸಿನಲ್ಲಿ ಇಳಿಯಲಿ. ತಿರುಗಾಮುರುಗ ಮಾಡಬೇಡಿ. ಉಳಿದ ದಿನಗಳಲ್ಲಿ ಹೊಸ ಗಾಡಿ ಪೂಜೆಗೆಂದು ಬರುವವರಿಗೂ ಒಂದು ಮಾತು: ಇಳಿಯುವಾಗ ಎರಡನೆಯ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನೇ ಹಿಡಿದುಕೊಂಡು ಬಂದರೆ ಕಾದು ಹಿಡಿತ ತಪ್ಪುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಮೂವರು ಕೂತು ಇಳಿಯುವುದಂತೂ ಅಪಾಯ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ತಣಿಯಲು ಬಿಡಿ, ನೀರು ಸುರಿಯಬೇಡಿ.

ಹೊತ್ತಿದ್ದರೆ ಬೆಟ್ಟದ ತಪ್ಪಲಿನ ಉತ್ತನಹಳ್ಳಿಗೂ ಹೋಗಿ. ಅಲ್ಲಿನ ಜ್ವಾಲಾಮುಖಿ ತ್ರಿಪುರಸುಂದರಿ ಚಾಮುಂಡಿಯ ತಂಗಿ. ಯುದ್ಧದಲ್ಲಿ ರಕ್ತಬೀಜಾಸುರನ ನೆತ್ತರು ನೆಲಕ್ಕೆ ಬೀಳದಂತೆ ನಾಲಗೆ ಚಾಚಿ ಅಕ್ಕನಿಗೆ ನೆರವಾದವಳು. ಅಕ್ಕನನ್ನು ನೋಡಿ ತಂಗಿಯನ್ನು ನೋಡದೆ ಹೋಗಬಾರದು ಎನ್ನುವ ಹಳ್ಳಿಯವರು ಈಗಲೂ ಇದ್ದಾರೆ. ಈ ಸೀಮೆಯ ಜನಪದ ಹಾಡುಗಳಲ್ಲಿ ನಂಜನಗೂಡಿನ ನಂಜುಂಡನಿಗೂ ಚಾಮುಂಡಿಗೂ ಇರುವ ಸರಸ, ಮುನಿಸು ಕೇಳಿದವರಿಗೆ ಇಲ್ಲಿಂದ ನಂಜನಗೂಡಿಗೆ ಮುಂದುವರಿಯುವುದೂ ಸಹಜವೇ.

ಆಷಾಢ ತಪ್ಪಿಹೋದರೆ ದಸರೆ ಕಾಯಬೇಕು. ಆದರೆ ವಿಜಯದಶಮಿಯಂದು ಬೆಟ್ಟದಲ್ಲಿ ಉತ್ಸವಮೂರ್ತಿ ಇರುವುದಿಲ್ಲ. ಬೆಳಿಗ್ಗೆಯೇ ಮೆರವಣಿಗೆಯಲ್ಲಿ ಅರಮನೆಗೆ ಇಳಿದು, ಸಂಜೆ 750 ಕೆ.ಜಿ.ಯ ಅಂಬಾರಿ ಏರುತ್ತಾಳೆ. ದಸರಾ ಮುಗಿಸಿ ಹೊರಗಿನವರೆಲ್ಲ ಊರಿಗೆ ಹೋದ ಮೇಲೆ, ಆಶ್ವಯುಜ ಹುಣ್ಣಿಮೆಯ ಹೊತ್ತಿಗೆ ಬೆಟ್ಟದಲ್ಲಿ ರಥೋತ್ಸವ, ಅದರ ಬೆನ್ನಿಗೇ ದೇವಿಕೆರೆಯಲ್ಲಿ ರಾತ್ರಿ ತೆಪ್ಪೋತ್ಸವ. ಇವು ಬೆಟ್ಟದವರ ಮತ್ತು ಸುತ್ತಲಿನ ಹಳ್ಳಿಯವರ ಹಬ್ಬಗಳು. ತೇರಿಗೆ ಬೆಳಿಗ್ಗೆ ಬೇಗ ಬನ್ನಿ, ಮುಹೂರ್ತ ಆಯಾ ವರ್ಷ ಬದಲಾಗುತ್ತದೆ. ತೆಪ್ಪಕ್ಕೆ ಬರುವವರು ಕತ್ತಲಾಗುವ ಮೊದಲೇ ಕೆರೆಯ ಮೆಟ್ಟಿಲಲ್ಲಿ ಜಾಗ ಹಿಡಿದು, ಇಳಿಯುವ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.